ಹೊಳೆಯಬಾರದ ಲಾರಿ

ಹವಾಲ್ದಾರರ ಎಡಗೈ ಹೆಬ್ಬೆರಳಿನ ಉಗುರು ಉಗುರಿನ ಬಣ್ಣದಲ್ಲಿ ಇದ್ದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಒಮ್ಮೆ ಪಾಚಿ ಹಸಿರು, ಒಮ್ಮೆ ಒಣಗಿದ ಸಗಣಿಯ ಬಣ್ಣ, ಒಮ್ಮೆ ಬೂದಿ. ಬಣ್ಣದ ಡಬ್ಬಿಗೆ ಬೆಂಕಿಕಡ್ಡಿ ಅದ್ದಿ ಉಗುರಿನ ಮೇಲೆ ಒಂದು ಚುಕ್ಕೆ ಇಟ್ಟುಕೊಂಡು, ನನ್ನ ಅಂಗಡಿಯಿಂದ ರಸ್ತೆಗಿಳಿದು, ಬಿಸಿಲಿಗೆ ಕೈ ನೀಡಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಬಸ್ಸಿನವನು ಹಾರ್ನ್ ಹೊಡೆದರೂ ಜರುಗುತ್ತಿರಲಿಲ್ಲ.

ತಿ. ನರಸೀಪುರದಲ್ಲಿ, ಸೇತುವೆ ಕಾಣುವ ಹಾಗೆ, ನನ್ನದೊಂದು ಬಣ್ಣದ ಅಂಗಡಿ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಡಬ್ಬಿಗೆ ಲೇಬಲ್ ಅಂಟಿಸುತ್ತಿದ್ದವಳು, ಯಾರ ಹಂಗೂ ಇಲ್ಲದೆ ಇಲ್ಲಿ ಷಟರ್ ಎತ್ತಿದೆ. ಬಣ್ಣ ಬೆರೆಸುವ ಯಂತ್ರ ತಂದಿಟ್ಟ ಮೇಲಂತೂ ನನಗೆ ತಿಳಿಯದ ಬಣ್ಣವೇ ಇಲ್ಲ ಎಂಬ ಜಂಬ. ಆ ಜಂಬ ಇಳಿಸಿದವರು ಈ ಸೋಸಲೆಯ ಹವಾಲ್ದಾರರು. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು, ಮನೆಯಲ್ಲಿ ಕೂತು ತಗಡು, ಮರ, ತಂತಿಯಲ್ಲಿ ಸೈನ್ಯದ ಗಾಡಿಗಳ ಮಾದರಿ ಮಾಡುತ್ತಿದ್ದರು. ಮೊಳದುದ್ದದ ಲಾರಿ, ಅಂಗೈ ಮೇಲೆ ಕೂರುವ ಜೀಪು.

ಮೊದಲ ಸಲ ಬಂದಾಗ ಹಳೆಯ ಲಾರಿಯ ಟೂಲ್ ಬಾಕ್ಸಿನ ಮುಚ್ಚಳ ತಂದಿದ್ದರು. "ಇದೇ ಬಣ್ಣ ಬೇಕು ತಾಯಿ" ಎಂದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಬೆರೆಸಿಕೊಟ್ಟೆ. ವಾರ ಬಿಟ್ಟು, ಬಳಿದ ಲಾರಿಯನ್ನು ಕೌಂಟರ್ ಮೇಲೆ ಇಟ್ಟರು. ಸೀದ ಕಾವಲಿಯ ಹಾಗೆ ಕಪ್ಪಗೆ ಕೂತಿತ್ತು.

"ಬೇರೆ ಡಬ್ಬಿಯಿಂದ ಬಳಿದುಬಿಟ್ರಾ?" ಎಂದು ಜೋರು ಮಾಡಿದೆ.

"ನಿನ್ ಡಬ್ಬೀನೇ ಕಣವ್ವ. ತೆಪ್ಪು ನಂದೂ ಅದೆ, ನಿಂದೂ ಅದೆ. ಅಗಾ, ಸೇತ್ವೆ ಆ ತುದೀಲಿ ಲಾರಿ ಬತ್ತಾ ಅದಲ್ಲ, ನೋಡು. ಇಷ್ಟೇ ಇಷ್ಟು ಕಾಣ್ತದೆ. ಅದ್ರ ಬಣ್ಣನ ನಡೂ ಮಧ್ಯದ ಗಾಳಿ ಒಸಿ ತಿಂದಾಕ್ತದೆ. ಗಾಡಿ ಚಿಕ್ಕದಾದಂಗೆಲ್ಲ ಬಿಳಿ ಬೆರೆಸ್ಬೇಕು."

ಸೇತುವೆ ನೋಡಿದೆ. ನಿಜ, ದೂರದ ಲಾರಿಯ ಬಣ್ಣ ತೆಳುವಾಗಿತ್ತು. ಇಷ್ಟು ವರ್ಷ ಅದೇ ಸೇತುವೆಯ ಎದುರಿಗೆ ಬಣ್ಣ ಮಾರಿಕೊಂಡು ಕೂತಿದ್ದೆ, ಕಂಡಿರಲಿಲ್ಲ. ನೀವೂ ಬಣ್ಣ ಕೊಳ್ಳುವವರಾದರೆ ಕೇಳಿ: ಕ್ಯಾಟಲಾಗಿನ ಬೆರಳಗಲದ ಚೌಕ ನೋಡಿ ಗೋಡೆಗೆ ಬಣ್ಣ ಆರಿಸಬೇಡಿ. ಒಂದು ಮೊಳ ಬಳಿದು, ಒಣಗಿಸಿ, ಬಿಸಿಲಲ್ಲಿ ನೋಡಿ, ಆಮೇಲೆ ಚೌಕಾಸಿಗೆ ಬನ್ನಿ. ನನ್ನ ಗಿರಾಕಿಗಳು ನನ್ನನ್ನು ನಂಬುವುದು ಈ ಒಂದು ಬುದ್ಧಿಯಿಂದ. ಅದು ಹವಾಲ್ದಾರರು ಕೊಟ್ಟದ್ದು.

ಇನ್ನೊಮ್ಮೆ, ಸ್ಟಾಕು ಉಳಿದಿತ್ತೆಂದು ಹೊಳಪಿನ ಬಣ್ಣ ತೋರಿಸಿ, "ಇದು ತಗೊಳ್ಳಿ, ರೇಟು ಬಿಡ್ತೀನಿ, ಗಾಡಿ ಮಿರಮಿರ ಮಿಂಚತ್ತೆ" ಎಂದೆ. ಅವರ ಮುಖದ ನಗು ಹೋಯಿತು.

"ಮಿಂಚೋದು ಬ್ಯಾಡ ತಾಯಿ. ಗಡಿ ಮರಳ್ನಲ್ಲಿ ಗಾಡಿಗೆಲ್ಲ ಮಣ್ಣು ಬಳೀತಿದ್ದೋ. ಮುಂದ್ಲ ಗಾಜ್ಗೂವೆ. ದಾರಿ ನೋಡಕೆ ಅಂಗೈಯಗಲ ಜಾಗ ಬುಡ್ತಿದ್ದೋ, ಅಷ್ಟೇಯ. ನಮ್ ಮುಂದ್ಗಡೆ ಗಾಡಿಯೋನು, ನನ್ ಗೆಣೆಕಾರ, ದಾರಿ ಕಾಣಕಿಲ್ಲ ಅಂತ ಗಾಜ್ನ ಪೂರ್ತಿ ಒರೆಸ್ಕಂಡ. ಬಿಸ್ಲಿಗೆ ಪಳಕ್ಕಂತು. ಮ್ಯಾಲಿಂದ ವಿಮಾನದೋನು ನೋಡ್ದ. ನಾನು ಒರೆಸಿರ್ನಿಲ್ಲ, ನಿನ್ ಮುಂದೆ ನಿಂತಿವ್ನಿ."

ಹೊಳಪಿನ ಡಬ್ಬಿಯನ್ನು ನಾನೇ ಎತ್ತಿ ಹಿಂದಕ್ಕಿಟ್ಟೆ.

ನಂಜನಗೂಡಿನಲ್ಲಿ ಒಂದು ಸಭಾಭವನ ಏಳುತ್ತಿತ್ತು. ಅದರ ಗಾಜಿನ ಪೆಟ್ಟಿಗೆಯಲ್ಲಿಡಲು ಸೈನ್ಯದ ಗಾಡಿಯೊಂದನ್ನು ಮಾಡಿಕೊಡಿ ಎಂದು ಸಮಿತಿಯವರು ಇವರನ್ನು ಕೇಳಿದರು. ಇವರು ಗೆಳೆಯನ ಲಾರಿಯನ್ನೇ ಮಾಡಿದರು, ಅವನು ಗಾಜು ಒರೆಸುವುದಕ್ಕೆ ಮುಂಚೆ ಇದ್ದ ಹಾಗೆ. ಆ ದೂಳುಹಸಿರಿಗಾಗಿ ನಾವಿಬ್ಬರೂ ಹದಿನೇಳು ಸಲ ಬೆರೆಸಿದೆವು. ಗಾಜಿಗೆ ಮಣ್ಣು, ನಡುವೆ ಕಡಲೆಬೇಳೆಯಷ್ಟು ಕಿಂಡಿ.

ಒಪ್ಪಿಸುವ ದಿನ, ಮಾತಿಗೆ ಇರಲಿ ಎಂದು ನಾನೂ ಹೋದೆ. ಅಧ್ಯಕ್ಷರು ಲಾರಿ ನೋಡಿ ಮೂಗು ಮುರಿದರು. "ಏನ್ರೀ ಇದು, ಕೆಸರಲ್ಲಿ ಹೊರಳಾಡ್ದಂಗಿದೆ! ಆ ಗಾಜು ಒರೆಸಿ, ಒಂದ್ ಕೋಟ್ ಪಾಲಿಶ್ ಹೊಡೀರಿ. ಫೋಟೋದಲ್ಲಿ ಚೆನ್ನಾಗ್ ಬರ್ಬೇಕು."

"ಒರೆಸಕಿಲ್ಲ ಸಾ."

"ಒರೆಸ್ದಿದ್ರೆ ಇಡಲ್ಲ."

"ಮಡಗ್ಬ್ಯಾಡಿ."

ಅಷ್ಟೇ ಮಾತು. ಟವೆಲ್ಲಿನಲ್ಲಿ ಲಾರಿ ಸುತ್ತಿಕೊಂಡು ಹೊರಟರು. ಬಸ್ಸಿನಲ್ಲಿ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. "ಅರ್ಧ ಗಾಜು ಒರೆಸಿ, ಅರ್ಧ ಹಾಗೇ ಬಿಡೋಣ. ಅವರ ಮಾತೂ ಉಳಿಯುತ್ತೆ, ನಿಮ್ಮದೂ ಉಳಿಯುತ್ತೆ."

ಅವರು ತೊಡೆಯ ಮೇಲಿನ ಗಂಟನ್ನೇ ನೋಡುತ್ತ ಹೇಳಿದರು: "ನೀನು ಯಾಪಾರಸ್ತೆ, ಅರ್ಧಕ್ಕೆ ಒಪ್ತೀಯೆ. ಆ ಬಿಸ್ಲಿಗೆ ಅರ್ಧ ಗಾಜೇ ಸಾಕಾಗಿತ್ತು ಕಣವ್ವ."

ಇಳಿದ ಮೇಲೆ ಲಾರಿಯನ್ನು ನನ್ನ ಅಂಗಡಿಯಲ್ಲೇ ಇಟ್ಟರು. "ಇಲ್ಲೇ ಇರ್ಲಿ, ಬರೋ ಹೋಗೋರು ನೋಡ್ಲಿ."

ಹೋದ ಬೇಸಗೆಯಲ್ಲಿ ತೀರಿಕೊಂಡರು. ಸೋಸಲೆಗೆ ಹೋಗಿ ನೋಡಿದೆ. ಮೈ ತೊಳೆದು ಮಲಗಿಸಿದ್ದರು, ಹೆಬ್ಬೆರಳಿನ ಬಣ್ಣ ಹೋಗಿರಲಿಲ್ಲ.

ತಿಂಗಳೊಳಗೆ ಅಧ್ಯಕ್ಷರು ಅಂಗಡಿಗೆ ಬಂದರು. "ಹೋದೋರ ನೆನಪಿಗೆ ಆ ಲಾರಿ ಇಡೋಣ ಅಂತ ತೀರ್ಮಾನ ಆಗಿದೆ ಕಣಮ್ಮ. ಹಿತ್ತಾಳೆ ಫಲಕದಲ್ಲಿ ಹೆಸ್ರು ಹಾಕಿಸ್ತೀವಿ. ಗಾಜು ನಾವೇ ಒರೆಸ್ಕೋತೀವಿ ಬಿಡಿ." ಹೇಳುತ್ತಲೇ ಬೆರಳು ಚಾಚಿದರು. ನಾನು ಅವರ ಮಣಿಕಟ್ಟು ಹಿಡಿದೆ.

"ಮುಟ್ಟಬೇಡಿ ಸಾರ್."

ಅವರೂ ಪಕ್ಕಾ ವ್ಯವಹಾರಸ್ಥರೇ. "ಭವನಕ್ಕೆಲ್ಲ ಬಣ್ಣ ಆಗ್ಬೇಕು. ಆ ಆರ್ಡರು ನಿಮಗೇ" ಎಂದರು. ನಾನು ಅಷ್ಟು ದೊಡ್ಡ ಆರ್ಡರು ಅದುವರೆಗೆ ಕಂಡವಳಲ್ಲ. ಅರ್ಧಕ್ಕೆ ಒಪ್ಪುವುದೇ ಜಾಣತನ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು.

"ಅಂಗಡಿಯಲ್ಲಿರೋ ಡಬ್ಬಿಯೆಲ್ಲ ಬೇಕಾದ್ರೆ ತಗೊಂಡು ಹೋಗಿ, ರೇಟೂ ಬಿಡ್ತೀನಿ. ಆ ಗಾಜಿನ ಮಣ್ಣು ಮಾರಾಟಕ್ಕಿಲ್ಲ" ಎಂದೆ.

ಆರ್ಡರು ಬೇರೆಯವರಿಗೆ ಹೋಯಿತು. ಹೋಗಲಿ.

ಲಾರಿ ಈಗಲೂ ಬಣ್ಣದ ಯಂತ್ರದ ಪಕ್ಕದಲ್ಲೇ ನಿಂತಿದೆ. ಬೆಳಿಗ್ಗೆ ಅಂಗಡಿ ತೆಗೆದವಳೇ ಒದ್ದೆ ಬಟ್ಟೆ ಹಿಡಿದು ಡಬ್ಬಿ, ಕೌಂಟರು, ಯಂತ್ರ ಎಲ್ಲ ಒರೆಸುತ್ತೇನೆ, ಅದೊಂದನ್ನು ಬಿಟ್ಟು. ಗಿರಾಕಿಗಳು ಕೇಳುತ್ತಾರೆ: "ಆ ಲಾರೀನೂ ಒಸಿ ಒರೆಸ್ಬಾರ್ದಾ ಅಕ್ಕ?"

"ಇಲ್ಲ" ಎನ್ನುತ್ತೇನೆ. "ಗಾಡಿ ಇನ್ನೂ ದಾರಿಯಲ್ಲಿದೆ."