ಲಾಡಿ ಎಳೆದರೆ ಎದೆ ಕಾಣುವ ಕುಂಚಿಗೆ

ಅಮೃತಮ್ಮನಿಗೆ ಗಾಳಿಯೆಂದರೆ ಜನ್ಮವೈರಿ. ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಗಿದ್ದ ಒಂದೇ ಕಿಟಕಿಗೆ ರಟ್ಟು ಬಡಿದಿದ್ದಳು. ಕೂತಲ್ಲಿ ಕೂರುವ ಜೀವವಲ್ಲ. ವಾರಕ್ಕೊಮ್ಮೆ ಶಿವಾಜಿನಗರಕ್ಕೆ ಹೋಗಿ ಟೈಲರ್ ಗಯಾಜ್‌ನ ಅಂಗಡಿಯಿಂದ ಬಟ್ಟೆ ಚೂರು ಹೊತ್ತು ತಂದು ಕೂಸುಗಳಿಗೆ ಕುಂಚಿಗೆ ಹೊಲಿಯುವಳು. ಬೀದಿಯಲ್ಲಿ ಯಾರ ಮಗು ಬರಿತಲೆಯಲ್ಲಿ ಕಂಡರೂ ತಾಯಿಯನ್ನು ನಿಲ್ಲಿಸಿ ಬೈಯುವಳು. ತಲೆ, ಕಿವಿ, ಬೆನ್ನು, ಎದೆ ಎಲ್ಲ ಮುಚ್ಚುವ ಆಕೆಯ ಕುಂಚಿಗೆಯೊಳಗೆ ಕೂಸಿನ ಮೂಗೊಂದು ಕಂಡರೆ ಪುಣ್ಯ.

ನಗುವವರು ನಗಲಿ. ೧೯೭೬ರಲ್ಲಿ, ಸೇಡಂ ಹತ್ತಿರದ ಊರಲ್ಲಿ, ಆಕೆಯ ಚೊಚ್ಚಲ ಮಗ ಐದೇ ತಿಂಗಳಿಗೆ ನ್ಯುಮೋನಿಯಾದಿಂದ ತೀರಿಕೊಂಡಿದ್ದ. ನೀನೇ ಕಿವಿ ಮುಚ್ಚದೆ ಹೊಲಕ್ಕೆ ಒಯ್ದೆ, ಥಂಡಿ ಹೊಕ್ಕಿತು ಎಂದು ಅತ್ತೆ ಹೆಣದ ಮುಂದೆಯೇ ಅಂದಿದ್ದಳು. ಆ ಮಾತನ್ನು ಅಮೃತಮ್ಮ ಒಂದು ದಿನವೂ ಮರೆತಿರಲಿಲ್ಲ.

೧೯೯೮ರ ಮೇ ತಿಂಗಳಲ್ಲಿ ಮಗಳು ಕಾವೇರಿಯ ಏಳು ತಿಂಗಳ ಕೂಸು ಆಶಾರಾಣಿಗೆ ಕೆಮ್ಮು ಹತ್ತಿತು.

"ದವಾಖಾನಿಗಿ ಒಯ್ಯೋಣ ಯವ್ವಾ," ಎಂದಳು ಕಾವೇರಿ.

"ಇಂಥಾ ಬಿಸಲಾಗ ನ್ಯುಮೋನಿಯಾ ಬರ್ತದೇನ? ಮೈನೂ ಸುಡವಲ್ದು. ಬೆಚ್ಚಗಿಟ್ರ ಆತು."

ಕುಂಚಿಗೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು. ಆದರೂ ಮನಸ್ಸು ನಿಲ್ಲದು. ಒಲೆಯ ಹತ್ತಿರ ಹೋಗುವಳು, ತಿರುಗಿ ಬರುವಳು, ಹಣೆ ಮುಟ್ಟುವಳು, ಶಾಲಿನ ಅಂಚನ್ನು ಇನ್ನಷ್ಟು ಒಳಗೆ ತುರುಕುವಳು. ಮೂರನೇ ಬೆಳಗ್ಗೆ ಕೆಮ್ಮು ನಿಂತಾಗ ಹೋದ ಜೀವ ಬಂದಂತಾಯಿತು. ಆದರೆ ಕಾವೇರಿ ಎದೆಗೆ ಹಚ್ಚಿದರೆ ಕೂಸು ಬಾಯಿ ಹಾಕಲಿಲ್ಲ. ಅವಳು ತಾಯಿಯ ಅಪ್ಪಣೆಗೆ ಕಾಯದೆ ಕೂಸನ್ನೆತ್ತಿಕೊಂಡು ಹಲಸೂರಿನ ಬಸ್ಸಿಗೆ ಹೊರಟಳು. ಅಮೃತಮ್ಮ ಬರಿಗಾಲಲ್ಲೇ ಹಿಂದೆ ಓಡಿದಳು.

ಆಸ್ಪತ್ರೆಯಲ್ಲಿ ನರ್ಸ್ ರಾಮಲಕ್ಷ್ಮಮ್ಮ, "ಬಟ್ಟೆ ಬಿಚ್ಚಿ, ಎದೆ ನೋಡ್ಬೇಕು," ಎಂದರು.

"ಬ್ಯಾಡ್ರೀ ಯವ್ವಾ, ಮ್ಯಾಲ ಫ್ಯಾನ್ ತಿರಗಲಾಕತ್ತದ!" ಅಮೃತಮ್ಮ ಕೈ ಅಡ್ಡ ಹಿಡಿದಳು.

ನರ್ಸ್ ತಾವೇ ಬಿಚ್ಚಿದರು. ಒಂದೊಂದು ಉಸಿರಿಗೂ ಕೂಸಿನ ಪಕ್ಕೆಯ ಕೆಳಗೆ ಗುಳಿ ಬಿದ್ದು ಒಳಕ್ಕೆ ಸೆಳೆಯುತ್ತಿತ್ತು. ವಾಚು ನೋಡುತ್ತ ಉಸಿರು ಎಣಿಸಿದರು: ಐವತ್ತರೊಳಗೆ ಇರಬೇಕಾದದ್ದು ನಿಮಿಷಕ್ಕೆ ಅರವತ್ತೆಂಟು.

"ನ್ಯುಮೋನಿಯಾ ಥರ ಇದೆ, ಡಾಕ್ಟ್ರನ್ನ ಕರೀತೀನಿ. ಕೆಮ್ಮೋಕೂ ಶಕ್ತಿ ಇಲ್ಲ ಮಗೂಗೆ. ಇಷ್ಟು ಎಳೀತಿರೋದು ಮನೇಲಿ ಕಾಣ್ಲೇ ಇಲ್ವಾ?"

ಕಾಣುವುದೆಲ್ಲಿಂದ? ಮುಚ್ಚಿದವಳು ತಾನೇ. ಅಮೃತಮ್ಮ ಬಿಚ್ಚಿಟ್ಟ ಶಾಲು, ಸ್ವೆಟರನ್ನು ಮಡಚಿ ದೂರ ಸರಿಸಿದಳು.

ಆಮ್ಲಜನಕ, ಇಂಜೆಕ್ಷನ್ನು, ಐದು ದಿನ. ಐದೂ ದಿನ ಆಕೆ ವರಾಂಡದಲ್ಲಿ ಶತಪಥ ಹಾಕಿದಳು. ಆರನೆಯ ದಿನ ಕೂಸು ಹಾಲು ಕುಡಿಯಿತು. ಆಗ ನರ್ಸನ್ನು ಹಿಡಿದು ನಿಲ್ಲಿಸಿ ಕೇಳಿದಳು:

"ಥಂಡಿ ಹೊಕ್ಕೇ ಬಂತೇನ್ರೀ ಇದು?"

"ಕ್ರಿಮಿಯಿಂದ ಬರೋದಮ್ಮ. ಬೇಸಿಗೇಲೂ ಬರುತ್ತೆ. ಕೆಲವು ಮಕ್ಕಳಿಗೆ ಜ್ವರಾನೂ ಇರಲ್ಲ."

"ನಂದೊಂದು ಗಂಡು ಕೂಸು ಇದ್ರಾಗೇ ಹೋತ್ರಿ. ಕಿವಿ ಕಟ್ಟಿರಲಿಲ್ಲ ನಾ. ಅದಕ್ಕ ಹೋಗಿಲ್ಲೇನ್ರೀ ಅಂವ?"

ನರ್ಸ್ ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು. "ಇಲ್ಲಮ್ಮ. ಕಿವಿಗೂ ಅದಕ್ಕೂ ಸಂಬಂಧಾನೇ ಇಲ್ಲ."

ಅಮೃತಮ್ಮ ಅಲ್ಲೇ ಕುಸಿದು, ಅಂದು ಅತ್ತೆಯ ಎದುರು ಅಳಲಾರದ್ದನ್ನೆಲ್ಲ ಅತ್ತಳು. ಕಾವೇರಿ ಬಂದು ಎಬ್ಬಿಸಬೇಕಾಯಿತು.

ಈಗಲೂ ಆಕೆ ಕುಂಚಿಗೆ ಹೊಲಿಯುತ್ತಾಳೆ, ಈಗಲೂ ಬೈಯುತ್ತಾಳೆ. ಕುಂಚಿಗೆಯ ಮುಂದೆ ಮಾತ್ರ ಎರಡು ಲಾಡಿ ಬಂದಿವೆ.

"ಕೂಸು ಕೆಮ್ಮಿದ್ರ ಮೊದಲ ಇದನ್ನ ಎಳಿ," ಎನ್ನುತ್ತಾಳೆ. "ಪಕ್ಕಿ ಕೆಳಗ ಗುಳಿ ಬೀಳ್ತದೇನ ನೋಡು. ನನ್ಹಂಗ ಮುಚಗೊಂಡು ಕೂಡಬ್ಯಾಡ."