ಬ್ಯಾಡ ಅಂದವರ ಮನೆಗೆ ಇಜಾಜಸಾಹೇಬರು

ಹಿರೇಬೆಂಡಿಗೇರಿಯ ನಿಶ್ಚಿತಾರ್ಥವೊಂದರ ಊಟದ ಪಂಕ್ತಿಯ ನಡುವೆ ನಿಂತು, ಶಿಗ್ಗಾಂವದ ಪರದೆ ಅಂಗಡಿಯ ಇಜಾಜಸಾಹೇಬರು ಹುಡುಗಿಯ ತಂದೆಯನ್ನು ಕೇಳಿಯೇಬಿಟ್ಟರು: “ನಮ್ಮ ಅಂಗಡಿ ಇ-ಮೇಲ್‌ನ್ಯಾಗ ‘ಬ್ಯಾಡ’ ಅನ್ನೋ ಗುಂಡಿ ಒತ್ತೀರಿ. ನಾ ಏನ್ ತಪ್ಪು ಮಾಡೇನ್ರಿ?” ಬೀಗರು ಹೋಳಿಗೆ ಬಿಟ್ಟು ಇವರನ್ನೇ ನೋಡಿದರು. ಬೇಡವೆಂದವರಿಗೆ ಮತ್ತೆ ಜಾಹೀರಾತು ಕಳಿಸಬಾರದೆಂಬ ಕಾಯ್ದೆಯನ್ನು ಸಾಹೇಬರು ಎಂದೂ ಮುರಿದವರಲ್ಲ. ಒತ್ತಿದ ಗಳಿಗೆಯಲ್ಲೇ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಆಮೇಲೆ ಬಸ್ ಹತ್ತಿ ಅವರ ಮನೆಗೇ ಹೋಗುತ್ತಾರೆ. “ಕಾಯ್ದೆ ಮೇಲ್‌ಗಷ್ಟ ಐತ್ರಿ, ಕಾಲಿಗಿಲ್ಲ!” ಅನ್ನುತ್ತಾರೆ. ಹೀಗೆ ಒಬ್ಬೊಬ್ಬರೇ ಬೇಡವೆಂದು ಪರದೆ ಎಳೆದುಕೊಂಡದ್ದರಿಂದ, ನಾನೂರು ಹೆಸರಿನ ಪಟ್ಟಿಯಲ್ಲಿ ಈಗ ಒಂದೇ ಉಳಿದಿದೆ. ಆ ಒಂದಕ್ಕೆ ಪ್ರತಿ ಶುಕ್ರವಾರ ಹೊಸ ಪರದೆಗಳ ಚಿತ್ರ ತಪ್ಪದೆ ಹೋಗುತ್ತದೆ. “ಯಾರ್ರೀ ಅಷ್ಟು ನಿಷ್ಠೆಯ ಗಿರಾಕಿ?” ಎಂದು ಅದೇ ಪಂಕ್ತಿಯಲ್ಲಿದ್ದ ನಾನು ಸಾಹೇಬರನ್ನು ಕೇಳಿದೆ. “ನನ್ನ ಹೆಂಡತಿ ಅಖ್ತರುನ್ನೀಸಾ ರೀ. ತೀರಿಕೊಂಡು ಎರಡ ವರ್ಷಾತು. ಆಕಿ ಇನ್ನೂ ಬ್ಯಾಡ ಅಂದಿಲ್ಲರಿ.”