ಅತ್ತಿಗೆಯ ದೀಪ, ಅಮ್ಮನ ಕಿವಿ

ನಮ್ಮ ಅತ್ತಿಗೆ ಬಾಯಿಬಡುಕಿ. ಎದುರಿಗೇ ಹೇಳಿದ್ದೇನೆ, ಬೇಜಾರಿಲ್ಲ ಅವಳಿಗೆ. ಓದುವ ಮೇಜಿನ ಮೇಲಿಡುವ ಎಲ್‌ಇಡಿ ದೀಪ ಜೋಡಿಸುವುದು ಅವಳ ಕಸುಬು. ಮುಂದಿನ ಕೋಣೆಯಲ್ಲಿ ಕೂತು ಕೈ ಬೆಸುಗೆ ಹಾಕುತ್ತಿದ್ದರೆ, ಬಾಯಿ ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿರುತ್ತದೆ. ಕೇಳುವವಳು ಪಕ್ಕದ ಮಂಚದ ಮೇಲೆ ಕಿವಿಗೆ ಮೆಷಿನ್ ಹಾಕಿಕೊಂಡು ಕೂರುವ ನನ್ನ ಅಮ್ಮ. ಅತ್ತೆ ಸೊಸೆ ಬಿದ್ದು ಬಿದ್ದು ನಗುವುದನ್ನು ಕಂಡು ಮಗಳಾದ ನನಗೇ ಹೊಟ್ಟೆ ಉರಿಯುತ್ತಿತ್ತು.

ಅತ್ತಿಗೆ ಹೊಸ ಮಾದರಿಯ ದೀಪ ಶುರು ಮಾಡಿ, ಅದರ ಬೆಳಕಿನಲ್ಲೇ ಕೆಲಸಕ್ಕೆ ಕೂರತೊಡಗಿದ ಮೇಲೆ ಅಮ್ಮ ಬದಲಾದಳು. ಸೊಸೆ ಕೂತಳೋ, ಅಮ್ಮ ಮೆಷಿನ್ ಕಿತ್ತು ದಿಂಬಿನಡಿ ಇಟ್ಟು ಗೋಡೆ ಕಡೆ ತಿರುಗುವಳು.

"ನನ್ನ ದನಿ ಕೇಳಿದ್ರೇ ಆಗಲ್ಲ ಅವರಿಗೆ. ನಾನೇನು ಮಾಡ್ದೆ, ನೀನೇ ಹೇಳು," ಎಂದು ಅತ್ತಿಗೆ ನನ್ನೆದುರು ಅತ್ತಳು. ನಾನು ಅಮ್ಮನನ್ನು ಗದರಿದೆ. ಅಮ್ಮ ಮುಸುಕೆಳೆದುಕೊಂಡು ಮಲಗಿಬಿಟ್ಟಳು. ಬೇರೆ ಮನೆ ಮಾಡೋಣ ಎಂದು ಅತ್ತಿಗೆ ಅಣ್ಣನಿಗೆ ಹೇಳುವವರೆಗೂ ಹೋಯಿತು.

ಅಷ್ಟರಲ್ಲಿ ಅವಳಿಂದ ದೀಪ ಕೊಳ್ಳುವ ಅಂಗಡಿಯವರು ಹೊಸ ದೀಪಕ್ಕೆ ಪರೀಕ್ಷೆ ಮಾಡಿಸಲೇಬೇಕೆಂದರು. ಪ್ರಯೋಗಾಲಯಕ್ಕೆ ನಾನೂ ಜೊತೆಗೆ ಹೋದೆ. ಅಲ್ಲಿನ ಎಂಜಿನಿಯರ್ ದೀಪ ಉರಿಸಿ, ಪರೀಕ್ಷಾ ಯಂತ್ರದ ಪರದೆ ನೋಡಿ ತಲೆಯಲ್ಲಾಡಿಸಿದರು. "ಪಾಸಾಗಲ್ಲಮ್ಮ."

"ಅದ್ಹೇಗೆ? ಒಂದೊಂದು ಬಿಡಿಭಾಗಾನೂ ಒಳ್ಳೇ ಕಂಪನೀದು. ನಾನೇ ಆರಿಸಿ ತಂದಿದ್ದು!" ಅತ್ತಿಗೆ ಜಗಳಕ್ಕೇ ನಿಂತಳು.

"ಇರಬಹುದು. ಇಂಥ ಬಿಡಿಭಾಗಕ್ಕೆ ಈ ಪರೀಕ್ಷೆ ಇಲ್ಲ. ಡಬ್ಬೀಲಿ ಬಿದ್ದಿರೋವಾಗ ಅದು ಯಾರ ತಂಟೆಗೂ ಹೋಗಲ್ಲ. ನೀವು ಜೋಡಿಸಿ ಕರೆಂಟ್ ಕೊಟ್ರಲ್ಲ, ಆಗ ಹೊರಡೋ ತರಂಗ ಪಕ್ಕದ ಮೆಷಿನ್ನಿಗೆ ಕಾಟ ಕೊಡುತ್ತೆ. ಅದಕ್ಕೇ ಇಡೀ ದೀಪ ಪಾಸಾಗ್ಬೇಕು." ಅವರು ಪುಟ್ಟ ರೇಡಿಯೋ ಒಂದನ್ನು ಹತ್ತಿರ ತಂದರು. ಗೊರ್ರ್ ಎಂದಿತು. "ಕೆಲವು ಕಿವಿ ಮೆಷಿನ್‌ನಲ್ಲೂ ಹಿಂಗೇ ಆಗುತ್ತೆ."

ಅತ್ತಿಗೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮನೆಗೆ ಬಂದವಳೇ ಅಮ್ಮನ ಕೈ ಹಿಡಿದಳು. "ಕಿವೀಲಿ ಗೊರ್ರ್ ಅಂತಿತ್ತಾ ಅತ್ತೆ? ಯಾಕೆ ಹೇಳ್ಲಿಲ್ಲ?"

"ನೀನು ಬಂದು ಕೂತ್ರೆ ಸಾಕು, ಬರೀ ಅದೇ. ಇದ್ದ ಅಷ್ಟಿಷ್ಟು ಕಿವೀನೂ ಹೋಗ್ತಿದೆ ಅಂದ್ಕೊಂಡೆ ಕಣೇ. ಬಾಯ್ಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೇನೋ ಅಂತ ಭಯ."

ಎಂಜಿನಿಯರ್ ಹೇಳಿದಂತೆ ದೀಪದೊಳಗೆ ಆ ತರಂಗ ತಡೆಯುವ ಫಿಲ್ಟರ್ ಕೂರಿಸಿದ್ದಾಯಿತು, ಮತ್ತೆ ಪರೀಕ್ಷೆಗೆ ಕೊಟ್ಟು ಪಾಸೂ ಆಯಿತು. ಆ ಸಂಜೆ ಅತ್ತಿಗೆ ದೀಪದ ಗುಂಡಿ ಒತ್ತಿದಳು. ಅಮ್ಮ ಮೆಷಿನ್ ಹಾಕಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದಳು.

"ಏನಾದ್ರೂ ಹೇಳೇ," ಎಂದಳು.

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಸದ್ದಾಗದಂತೆ ಬಿಕ್ಕಿದಳು.

"ಕೇಳಿಸ್ತು ಕಣೇ," ಎಂದಳು ಅಮ್ಮ.